ಕೂಡಿ ಬರೆಯುವ ಪುಟವೂ ಪಾಠಾಂತರವೂ

ವಿಜಯಪುರದಿಂದ ಅಥಣಿ ರಸ್ತೆಯಲ್ಲಿ ಹೊರಟವರಿಗೆ ಊರು ಮುಗಿದ ಸ್ವಲ್ಪ ಹೊತ್ತಿಗೆ ತೊರವೆ ಸಿಕ್ಕುವುದು. ಕುಮಾರ ವಾಲ್ಮೀಕಿಯ ರಾಮಾಯಣಕ್ಕೆ ಹೆಸರಿತ್ತ ಈ ಗ್ರಾಮದಲ್ಲಿ ಇಂದು ಅಕ್ಕಮಹಾದೇವಿಯ ಹೆಸರನ್ನು ಹೊತ್ತ ರಾಜ್ಯ ಮಹಿಳಾ ವಿಶ್ವವಿದ್ಯಾನಿಲಯವಿದೆ. ಅದು ಸ್ಥಾಪಿತವಾದುದು 2003ರಲ್ಲಿ. ಅದೇ ವರ್ಷದ ಜೂನ್ ತಿಂಗಳಲ್ಲಿ ಕನ್ನಡ ವಿಕಿಪೀಡಿಯವೂ ಆರಂಭವಾಯಿತು. ಇವೆರಡಕ್ಕೂ ಪರಸ್ಪರ ಸಂಬಂಧವೇನಿಲ್ಲ. ಆದರೆ ಕೂಡಿ ಬರೆಯುವ ಇಂಥ ಸಾಧನವನ್ನು ಉನ್ನತ ಶಿಕ್ಷಣದಲ್ಲಿ ಹೇಗೆ ಬಳಸಬೇಕೆಂಬ ಪ್ರಶ್ನೆಗೆ ಉತ್ತರ ಹುಡುಕಲು ಈ ಪ್ರದೇಶದ ಸಾಹಿತ್ಯ ಚರಿತ್ರೆಯೇ ನೆರವಾಗುವುದೆಂಬುದು ನಮ್ಮ ಅಭಿಪ್ರಾಯ.

2020ರ ಮಾರ್ಚ್ ತಿಂಗಳಲ್ಲಿ ಕಾಲೇಜುಗಳು ಮುಚ್ಚಿದಾಗ ಅಧ್ಯಾಪಕರು ವಾಟ್ಸಾಪ್ ಗುಂಪುಗಳನ್ನು ಆಶ್ರಯಿಸಿದರು. ಬೇರೆ ದಾರಿಯಿರಲಿಲ್ಲ. ಆದರೆ ಅಲ್ಲಿ ನಡೆದುದು ಬಹುಮಟ್ಟಿಗೆ ಟಿಪ್ಪಣಿಗಳ ವಿತರಣೆ. ಹಳೆಯ ಸೂಚನಾ ಫಲಕವೇ ಅಂಗೈಗೆ ಬಂದಂತಾಯಿತು. 1995ರಲ್ಲಿ ವಾರ್ಡ್ ಕನಿಂಗ್‌ಹ್ಯಾಮ್ ರೂಪಿಸಿದ ವಿಕಿಯ ಕ್ರಮವು ಇದಕ್ಕಿಂತ ಭಿನ್ನವಾದುದು. ಅಲ್ಲಿ ಓದುಗನೇ ಪುಟವನ್ನು ತಿದ್ದಬಲ್ಲನು. ಇಂದಿನ ವಿಕಿಪೀಡಿಯದಲ್ಲಿ ಹಿಂದಿನ ಪ್ರತಿಯೊಂದು ರೂಪವೂ, ತಿದ್ದಿದವರ ಹೆಸರು ಮತ್ತು ಕಾಲದೊಡನೆ, ಪುಟದ ಇತಿಹಾಸದಲ್ಲಿ ಉಳಿದಿರುತ್ತದೆ; ತಿದ್ದುಪಡಿಯನ್ನು ಕುರಿತ ವಾದವಿವಾದಕ್ಕೆ ಪ್ರತ್ಯೇಕ ಚರ್ಚಾಪುಟವಿದೆ.

ಕನ್ನಡ ವಿದ್ಯಾರ್ಥಿಗೆ ಇದು ಅಪರಿಚಿತವಾಗಬೇಕಾಗಿಲ್ಲ. ಶೂನ್ಯಸಂಪಾದನೆಯನ್ನು ನೆನೆಯಬಹುದು. ಅನೇಕ ಶರಣರ ವಚನಗಳನ್ನು ಸಂವಾದರೂಪದಲ್ಲಿ ಹೆಣೆದ ಆ ಕೃತಿಯನ್ನು ಶಿವಗಣಪ್ರಸಾದಿ ಮಹಾದೇವಯ್ಯ ರಚಿಸಿದ ಮೇಲೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರ ಸಿದ್ಧವೀರಣಾರ್ಯ ಇವರು ಮತ್ತೆ ಮತ್ತೆ ಪರಿಷ್ಕರಿಸಿದರು. ಮಹಾದೇವಯ್ಯನಲ್ಲಿಲ್ಲದ ಸಿದ್ಧರಾಮನ ಲಿಂಗದೀಕ್ಷೆಯ ಪ್ರಸಂಗವು ಗುಮ್ಮಳಾಪುರದ ಸಿದ್ಧಲಿಂಗನಲ್ಲಿ ಬಂದು ಸೇರಿತು. ಹಿಂದಿನ ಸಂಪುಟಗಳ ಓಲೆಗಳು ಉಳಿದು ಬಂದುದರಿಂದಲೇ ನಾವು ಈ ಮಾತನ್ನು ಆಡಬಲ್ಲೆವು. ಅವು ನಾಶವಾಗಿದ್ದರೆ ಕೊನೆಯ ಪಾಠವೇ ಮೂಲಪಾಠವೆನಿಸುತ್ತಿತ್ತು. ಓಲೆಯ ಕಟ್ಟು ದೈವವಶಾತ್ ಮಾಡಿದ ಕೆಲಸವನ್ನು ಪುಟದ ಇತಿಹಾಸ ನಿಯಮವಾಗಿ ಮಾಡುತ್ತದೆ.

ಗೂಳೂರ ಸಿದ್ಧವೀರಣಾರ್ಯನ ಸಂಪಾದನೆಯನ್ನು 1930ರಲ್ಲಿ ಅಚ್ಚು ಹಾಕಿಸಿದವರು ಈ ಊರಿನ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು. ಅವರ ವಚನಶಾಸ್ತ್ರಸಾರದ ಮೊದಲ ಭಾಗ ಹೊರಬಂದುದು 1923ರಲ್ಲಿ. 1925ರಲ್ಲಿ ಅವರು ಹಿತಚಿಂತಕ ಮುದ್ರಣಾಲಯವನ್ನು ತೆರೆದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಮನೆಮನೆಗಳಲ್ಲಿದ್ದ ಓಲೆಗಳನ್ನು ಕೇಳಿ ತಂದು, ಓದಿ, ಹೊಂದಿಸಿ ನೋಡಿದ ಆ ಶ್ರಮದ ಮುಂದೆ ನಮ್ಮ ಇಂದಿನ ಅನುಕೂಲಗಳು ನಾಚಿಕೆ ತರಿಸುವಂಥವು. ವಚನ ಸಂಚಯವೆಂಬ ಅಂತರ್ಜಾಲ ತಾಣದಲ್ಲಿ ಈಗ ಒಂದು ಪದವನ್ನು ಕೊಟ್ಟರೆ ಅದು ಬರುವ ವಚನಗಳೆಲ್ಲ ಕ್ಷಣದಲ್ಲಿ ಎದುರು ನಿಲ್ಲುತ್ತವೆ.

ತರಗತಿಗೆ ತಕ್ಕ ಒಂದು ಉದಾಹರಣೆಯನ್ನು ಕೊಡಬಹುದು. ಮಹಾದೇವಿಯಕ್ಕನಿಗೂ ಕೌಶಿಕನಿಗೂ ವಿವಾಹವಾಯಿತೆ? ಹರಿಹರನ ರಗಳೆಯ ಪ್ರಕಾರ, ಕಟ್ಟಳೆಗಳಿಗೆ ಒಳಪಟ್ಟು, ಆಯಿತು. ಚಾಮರಸನ ಪ್ರಭುಲಿಂಗಲೀಲೆ ಇದನ್ನು ಒಪ್ಪುವುದಿಲ್ಲ. ಅಕ್ಕನ ಹೆಸರಿನ ವಿಶ್ವವಿದ್ಯಾನಿಲಯದ ವಿದ್ಯಾರ್ಥಿನಿಯರಿಗೆ ಇದು ಕೇವಲ ಪಾಠಾಂತರದ ಪ್ರಶ್ನೆಯಲ್ಲ. ಇಬ್ಬರು ಹರಿಹರನನ್ನೂ ಇನ್ನಿಬ್ಬರು ಚಾಮರಸನನ್ನೂ ಓದಿ ಒಂದೇ ಪುಟವನ್ನು ಬರೆಯತೊಡಗಿದರೆ, ಒಬ್ಬರ ವಾಕ್ಯವನ್ನು ಮತ್ತೊಬ್ಬರು ಅಳಿಸುವರು. ಅಳಿಸಿದುದೇಕೆಂದು ಚರ್ಚಾಪುಟದಲ್ಲಿ ಹೇಳಬೇಕಾಗುವುದು. ವಿಕಿಪೀಡಿಯದ ನಿಯಮವು ಯಾರ ಪಕ್ಷವನ್ನೂ ಹಿಡಿಯಗೊಡದೆ, ಪ್ರತಿಯೊಂದು ಹೇಳಿಕೆಗೂ ಆಧಾರವನ್ನು ಕೇಳುತ್ತದೆ. ಗ್ರಂಥಸಂಪಾದನೆಯ ಪಾಠವನ್ನು ಕಪ್ಪುಹಲಗೆಯ ಮೇಲೆ ಎಷ್ಟು ವಿವರಿಸಿದರೂ ಈ ಅನುಭವ ಬರಲಾರದು.

ಅಂಕ ಕೊಡುವಾಗ ಮಾತ್ರ ತೊಡಕುಂಟು. ನಾಲ್ವರು ಹುಡುಗಿಯರ ನಡುವೆ ಒಂದೇ ಫೋನಿದ್ದರೆ, ಅದೂ ಸಂಜೆ ಅಣ್ಣನಿಗೆ ಮರಳಿಸಬೇಕಾದ ಫೋನಾಗಿದ್ದರೆ, ಇತಿಹಾಸದಲ್ಲಿ ಕಾಣುವುದು ಒಬ್ಬಳ ಹೆಸರು. ಓಲೆಯ ಕೊನೆಯಲ್ಲಿ ಲಿಪಿಕಾರನ ಹೆಸರಿರುತ್ತದೆ. ಪಕ್ಕದಲ್ಲಿ ಕುಳಿತು ಓದಿ ಹೇಳಿದವನ ಹೆಸರು ಇರುವುದು ಅಪರೂಪ. ಆದುದರಿಂದ ಅಧ್ಯಾಪಕರು ಇತಿಹಾಸದ ಪಟ್ಟಿಯನ್ನೇ ನೆಚ್ಚದೆ, ಯಾರು ಯಾವ ಗ್ರಂಥವನ್ನು ಓದಿದರು, ಯಾವ ಮಾತನ್ನು ಯಾರು ಆಕ್ಷೇಪಿಸಿದರು ಎಂಬುದನ್ನು ಚರ್ಚಾಪುಟದಲ್ಲಿ ಬರೆಯಿಸಿ, ನಾಲ್ವರ ಹೆಸರನ್ನೂ ಅದರ ಕೆಳಗೆ ಹಾಕಿಸುವುದು ಯುಕ್ತ.