ಕಂಬ ನಮ್ಮದು, ಕರೆಂಟ್ ನಮ್ಮದು: ಹುಕ್ಕೇರಿ ಸಂಘದ ಕಥೆ

ಸದಲಗಾ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ... ಎಲ್ಲೇ ಕೂತು ಕೇಳ್ತಿದ್ರೂ ಇವತ್ತಿನ ಕಥೆ ನಿಮ್ಮ ಪಕ್ಕದ್ದೇ.

ಸದಲಗಾದಲ್ಲಿ ಮನೆಗೆ ಬರೋ ಕರೆಂಟ್ ಬಿಲ್ ಹೆಸ್ಕಾಂದು. ಆದರೆ ಹುಕ್ಕೇರಿ ತಾಲೂಕಿನಲ್ಲಿರೋ ನಿಮ್ಮ ಅತ್ತೆ ಮನೆಗೋ, ಸೋದರಮಾವನ ಮನೆಗೋ ಹೋದಾಗ ಅಲ್ಲಿನ ಬಿಲ್ ಒಮ್ಮೆ ನೋಡಿ. ಅದರ ಮೇಲೆ ಬೇರೆಯೇ ಹೆಸರಿರುತ್ತೆ: ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಹಾಲಿನ ಡೇರಿ, ಸಕ್ಕರೆ ಕಾರ್ಖಾನೆ ಇದ್ದಂಗೆ ಇದೂ ಶೇರುದಾರರ ಸಂಸ್ಥೆ. ಕರ್ನಾಟಕದಲ್ಲಿ ಇಂಥದ್ದು ಇರೋದು ಇದೊಂದೇ.

ಇದು ಹುಟ್ಟಿದ್ದು ಹೇಗೆ? ಅದಕ್ಕೆ ಸ್ವಲ್ಪ ದೂರ, ಅಮೆರಿಕಕ್ಕೆ ಹೋಗಬೇಕು. 1930ರ ದಶಕದ ನಡುವೆ ಅಲ್ಲಿ ಹತ್ತು ಹೊಲಮನೆಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ಕರೆಂಟ್ ಇತ್ತು. ದೂರದೂರದ ಮನೆಗಳಿಗೆ ತಂತಿ ಎಳೆದರೆ ಲಾಭವಿಲ್ಲ ಅಂತ ಖಾಸಗಿ ಕಂಪನಿಗಳು ಕೈಚೆಲ್ಲಿದ್ದವು. 1935ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಹಳ್ಳಿಗಳ ವಿದ್ಯುದೀಕರಣಕ್ಕಾಗಿಯೇ ಒಂದು ಇಲಾಖೆ ತೆರೆದರು. ಅದರಿಂದ ಸಾಲ ಪಡೆದ ರೈತರು ತಮ್ಮದೇ ಸಂಘ ಕಟ್ಟಿ, ಕಂಬ ನೆಟ್ಟು, ತಂತಿ ಎಳೆದುಕೊಂಡರು.

ಅದೇ ಮಾದರಿ 1960ರ ದಶಕದ ಕೊನೆಗೆ ಭಾರತಕ್ಕೆ ಬಂತು. 1969ರ ಜುಲೈನಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮ ಸ್ಥಾಪನೆಯಾಯಿತು. ಅದರ ಆರಂಭದ ಬಂಡವಾಳದಲ್ಲಿ ದೊಡ್ಡ ಪಾಲು ಎಲ್ಲಿಂದ ಬಂದದ್ದು ಗೊತ್ತಾ? ಬರಗಾಲದ ಕಾಲದಲ್ಲಿ ಅಮೆರಿಕದಿಂದ ಬಂದ ಪಿಎಲ್-480 ಗೋಧಿ ನಿಮ್ಮ ಅಜ್ಜಿಗೆ ನೆನಪಿರಬಹುದು. ಆ ಧಾನ್ಯ ಇಲ್ಲಿ ಮಾರಾಟವಾಗಿ ಕೂಡಿಬಿದ್ದಿದ್ದ ರೂಪಾಯಿಗಳಿಂದ! ಗೋಧಿಯ ದುಡ್ಡು ಕರೆಂಟ್ ಕಂಬ ಆಯ್ತು.

ಮೊದಲ ಹಂತಕ್ಕೆ ದೇಶದಲ್ಲಿ ಐದು ಕಡೆ ಆಯ್ಕೆ: ಗುಜರಾತಿನ ಕೊಡಿನಾರ್, ಮಹಾರಾಷ್ಟ್ರದ ಮುಳಾ-ಪ್ರವರಾ, ಉತ್ತರ ಪ್ರದೇಶದ ಲಖನೌ, ಆಗಿನ ಆಂಧ್ರದ ಸಿರಿಸಿಲ್ಲ, ಮತ್ತೆ ನಮ್ಮ ಹುಕ್ಕೇರಿ. ಈ ಭಾಗದಲ್ಲಿ ಸಹಕಾರ ಅನ್ನೋದು ಹೊಸ ಮಾತಾಗಿರಲಿಲ್ಲ. ಸಂಕೇಶ್ವರದಲ್ಲಿ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆ ಕಟ್ಟಿದ ಅಪ್ಪಣಗೌಡ ಪಾಟೀಲರ ಹೆಸರನ್ನೇ ಜನ ಈ ವಿದ್ಯುತ್ ಸಂಘದ ಜೊತೆಗೂ ಹೇಳ್ತಾರೆ.

ಐದರ ಗತಿ ಮುಂದೆ ಏನಾಯ್ತು? ಎಲ್ಲವೂ ಉಳೀಲಿಲ್ಲ. ಮುಳಾ-ಪ್ರವರಾದ ಪರವಾನಗಿ 2011ರಲ್ಲಿ ಮುಗಿದು, ಅದರ ಪ್ರದೇಶವನ್ನು ಮಹಾರಾಷ್ಟ್ರದ ಸರ್ಕಾರಿ ಕಂಪನಿ ವಹಿಸಿಕೊಂಡಿತು. ಹುಕ್ಕೇರಿ ಉಳೀತು. ಅದು ತಾನೇ ವಿದ್ಯುತ್ ಉತ್ಪಾದಿಸೋದಿಲ್ಲ. ಹೆಸ್ಕಾಂನಿಂದ ಕೊಂಡು ತನ್ನ ಗ್ರಾಹಕರಿಗೆ ಹಂಚುತ್ತೆ. ಅಂದರೆ ಕೊಂಡ ಯೂನಿಟ್‌ಗೂ ಮಾರಿದ ಯೂನಿಟ್‌ಗೂ ನಡುವೆ ಸೋರಿದ್ದೆಲ್ಲ ಸಂಘದ್ದೇ ನಷ್ಟ. ಶೇರುದಾರನೇ ಮಾಲೀಕ ಆದ್ಮೇಲೆ ಉಳಿತಾಯದ ಆಸೆ ತಾನಾಗೇ ಬರಬೇಕಲ್ವಾ?

ಕಥೆ ಸಿಕ್ಕಾಗೋದು ಇಲ್ಲೇ. ಹೊಲಕ್ಕೆ ಹೋಗೋಣ ಬನ್ನಿ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ರಾಜ್ಯದಲ್ಲಿ ಕರೆಂಟ್ ಉಚಿತ, ಅದರ ಹಣ ಸರ್ಕಾರದ ಸಬ್ಸಿಡಿಯಿಂದ ಬರುತ್ತೆ. ಬಹಳಷ್ಟು ಪಂಪ್‌ಸೆಟ್‌ಗಳಿಗೆ ಮೀಟರೇ ಇಲ್ಲ, ಎಷ್ಟು ಉರೀತು ಅನ್ನೋದು ಅಂದಾಜು. ತ್ರೀ ಫೇಸ್ ಬರೋದು ಕೆಲವೇ ತಾಸು. ಹಾಗಾಗಿ ಕರೆಂಟ್ ಬಂದ ಕೂಡಲೇ ಎಲ್ಲರ ಮೋಟರೂ ಒಟ್ಟಿಗೇ ಚಾಲೂ. ವೋಲ್ಟೇಜ್ ಇಳಿಯುತ್ತೆ, ಮೋಟರ್ ಸುಡುತ್ತೆ, ರಿವೈಂಡಿಂಗ್ ಅಂಗಡಿಗೆ ಹೋಗುತ್ತೆ. ಕಳಪೆಯಾಗಿ ಸುತ್ತಿದ ಮೋಟರ್ ಅಷ್ಟೇ ನೀರಿಗೆ ಇನ್ನಷ್ಟು ಕರೆಂಟ್ ಎಳೆಯುತ್ತೆ. ಆ ಹೆಚ್ಚಿನ ಭಾರ ಟಿಸಿ ಮೇಲೆ. ರೈತ ಕೊಡೋದು ಬಿಲ್ ಅಲ್ಲ, ರಿಪೇರಿ ಖರ್ಚು ಮತ್ತು ರಾತ್ರಿಯ ನಿದ್ದೆ.

ಸರಿಪಡಿಸೋ ಪ್ರಯತ್ನ ಆಗಿಲ್ಲ ಅಂತಲ್ಲ. ನಿಪ್ಪಾಣಿ ಮತ್ತು ಬ್ಯಾಡಗಿ ಭಾಗದಲ್ಲಿ ಹೆಸ್ಕಾಂ, ಕೇಂದ್ರದ ಇಇಎಸ್‌ಎಲ್ ಕಂಪನಿ ಜೊತೆ ಸೇರಿ 590 ಹಳೇ ಪಂಪ್ ತೆಗೆದು ಸ್ಟಾರ್ ರೇಟಿಂಗ್ ಇರೋ ಪಂಪ್ ಕೂರಿಸಿತು. ಹೂಡಿಕೆ ಕಂಪನಿಯದು, ಉಳಿದ ಕರೆಂಟಿನಿಂದ ಅದರ ಹಣ ವಾಪಸ್. ಲೆಕ್ಕ ಚೆನ್ನಾಗಿದೆ. ಆದರೆ ಉಳಿತಾಯದ ಲಾಭ ರೈತನ ಜೇಬಿಗೆ ನೇರವಾಗಿ ಬರೋದಿಲ್ಲ.

ಜೇಬಿಗೆ ಬರೋ ದಾರಿ ಹುಡುಕಿದ್ದು ಕನಕಪುರ ತಾಲೂಕಿನ ಹಾರೋಬೆಲೆ. 'ಸೂರ್ಯ ರೈತ' ಯೋಜನೆಯಲ್ಲಿ ಅಲ್ಲಿನ ಸುಮಾರು 310 ಪಂಪ್‌ಸೆಟ್‌ಗಳಿಗೆ ಸೌರಫಲಕ ಬಂತು. ನೀರೆತ್ತಿ ಉಳಿದ ಕರೆಂಟನ್ನು ಬೆಸ್ಕಾಂ ಕೊಳ್ಳೋದು, ಅದಕ್ಕಾಗಿ ರೈತರದೇ ಸಹಕಾರಿ ಸಂಘ. ಗುಜರಾತಿನ ಖೇಡಾ ಜಿಲ್ಲೆಯ ಢುಂಡಿಯಲ್ಲಿ ಇದಕ್ಕಿಂತ ಪುಟ್ಟ ಪ್ರಯೋಗ: ಆರು ರೈತರಿಂದ ಶುರುವಾದ ಸೌರ ಸಹಕಾರಿ ಮಂಡಳಿ. ಎರಡೂ ಕಡೆ ಮುಖ್ಯ ಉಪಾಯ ಒಂದೇ. ಸುಮ್ಮನೆ ಪಂಪ್ ಓಡಿಸಿದರೆ ನಷ್ಟ, ನಿಲ್ಲಿಸಿದರೆ ದುಡ್ಡು. ಕರೆಂಟಿನ ಜೊತೆ ಅಂತರ್ಜಲವೂ ಉಳಿಯಬಹುದು. ಕೊಳ್ಳೋ ದರ ಸರಿಯಿದ್ದು, ಹಣ ಸಮಯಕ್ಕೆ ಬಂದರೆ ಮಾತ್ರ.

ನಮ್ಮ ಸೀಮೆಗೆ ಇದೇನು ಅಪರಿಚಿತವಲ್ಲ. ಕಬ್ಬಿನ ಸಿಪ್ಪೆ ಉರಿಸಿ ಕರೆಂಟ್ ಮಾಡೋ ಸಹಕಾರಿ ಸಕ್ಕರೆ ಕಾರ್ಖಾನೆಗಳು ಇಲ್ಲೇ ಇವೆ. ಬೆಳೆಯೋದು ರೈತ, ಅರೆಯೋದು ರೈತರ ಕಾರ್ಖಾನೆ, ಮಾರೋದು ಗ್ರಿಡ್‌ಗೆ.

ಹಾಗಾದರೆ ಹುಕ್ಕೇರಿ ನಮಗೆ ಹೇಳೋದೇನು? ಮಾಲೀಕತ್ವ ಅಂದರೆ ಬರೀ ವೋಟಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಸಂಘದ ಆಡಳಿತ ಮಂಡಳಿಗೆ ನಡೆದ ಚುನಾವಣೆ ನಿಮಗೆ ನೆನಪಿರುತ್ತೆ. ದೊಡ್ಡ ದೊಡ್ಡ ರಾಜಕಾರಣಿಗಳೇ ಅಖಾಡಕ್ಕಿಳಿದಿದ್ದರು. ಒಂದು ಊರಿನ ತಂತಿಗೆ ಅಷ್ಟು ಬೆಲೆ ಇದೆ ಅಂದಮೇಲೆ, ಆ ತಂತಿಯಲ್ಲಿ ಸೋರೋದಕ್ಕೂ ಬೆಲೆ ಇರಬೇಕು.

ನಿಮ್ಮಪ್ಪನ ಹೆಸರಲ್ಲೋ ಅಜ್ಜನ ಹೆಸರಲ್ಲೋ ಆ ಸಂಘದ ಶೇರು ಇದ್ದರೆ, ಮುಂದಿನ ವಾರ್ಷಿಕ ಸಭೆಗೆ ಅವರ ಜೊತೆ ನೀವೂ ಹೋಗಿ. ಊಟ ಮಾಡಿ ಬನ್ನಿ, ತಪ್ಪೇನಿಲ್ಲ. ಅದಕ್ಕೂ ಮೊದಲು ಅವರ ಬಾಯಿಂದ ಎರಡೇ ಪ್ರಶ್ನೆ ಕೇಳಿಸಿ: ಈ ವರ್ಷ ಎಷ್ಟು ಯೂನಿಟ್ ಕೊಂಡ್ರಿ? ಎಷ್ಟು ಯೂನಿಟ್ ಮಾರಿದ್ರಿ?