ಷೆಡ್ಯೂಲಿನ ಮನೆ ಮಾರಿದ ಮೇಲೆ: ಉಯಿಲಿನ ನಿರ್ದಿಷ್ಟ ಕೊಡುಗೆ ಮತ್ತು ಮನೆ ಬದಲಾವಣೆ

ಕರ್ನಾಟಕದಲ್ಲಿ ಪತ್ರ ಬರಹಗಾರರ ಕೈಯಿಂದ ಬರುವ ಉಯಿಲುಗಳು ಸಾಮಾನ್ಯವಾಗಿ ಕ್ರಯಪತ್ರದ ಅಚ್ಚಿನಲ್ಲೇ ಇರುತ್ತವೆ. ಮೊದಲಿಗೆ ಹೆಸರು, ವಯಸ್ಸು, ವಿಳಾಸ. ನಡುವೆ ಸ್ವಸ್ಥಚಿತ್ತದಿಂದ, ಯಾರ ಒತ್ತಾಯವೂ ಇಲ್ಲದೆ ಬರೆಸಿದ್ದೆಂಬ ಒಕ್ಕಣೆ. ಕೊನೆಗೆ ಷೆಡ್ಯೂಲು, ಅಂದರೆ ಖಾತಾ ನಂಬರು, ಅಳತೆ, ನಾಲ್ಕು ದಿಕ್ಕಿನ ಚಕ್ಕುಬಂದಿ. ಕ್ರಯಪತ್ರಕ್ಕೆ ಈ ರೂಪ ಸರಿ. ಅಂದೇ ಸ್ವತ್ತು ಕೈಬದಲಾಗಿ ವ್ಯವಹಾರ ಮುಗಿಯುತ್ತದೆ. ಉಯಿಲು ಜಾರಿಗೆ ಬರುವುದಾದರೋ ಬರೆಸಿದವರ ಮರಣಾನಂತರ, ಎಷ್ಟೋ ವೇಳೆ ಇಪ್ಪತ್ತು ಮೂವತ್ತು ವರ್ಷ ಕಳೆದ ಮೇಲೆ. ಷೆಡ್ಯೂಲು ಕರಾರುವಾಕ್ಕಾದಷ್ಟೂ ಮನೆ ಬದಲಾದಾಗ ಉಯಿಲು ಕೈಕೊಡುವ ಸಂಭವ ಹೆಚ್ಚು ಎಂಬುದು ಈ ಲೇಖನದ ವಾದ.

ಇಲ್ಲಿ ಆಧಾರ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. 1927ರ ಜನವರಿ 1ರಿಂದ ಈಚೆಗೆ ಹಿಂದೂ, ಬೌದ್ಧ, ಸಿಖ್, ಜೈನರು ಬರೆಸಿದ ಉಯಿಲುಗಳಿಗೂ ಅದರ ಉಯಿಲು ಸಂಬಂಧಿ ಕಲಂಗಳಲ್ಲಿ ಹೆಚ್ಚಿನವು ಅನ್ವಯಿಸುತ್ತವೆ. ಮುಸ್ಲಿಮರ ವಸೀಯತ್ತಿನ ನಿಯಮಗಳೇ ಬೇರೆ. ಅವನ್ನು ಇಲ್ಲಿ ಎತ್ತಿಕೊಂಡಿಲ್ಲ. ಕಲಂ 152ರ ಪ್ರಕಾರ, ಇಂಥದ್ದೇ ಎಂದು ಹೆಸರಿಸಿ ಕೊಟ್ಟ ವಸ್ತು ಉಯಿಲುಕರ್ತರ ಮರಣಕಾಲಕ್ಕೆ ಅವರದಾಗಿ ಉಳಿದಿರದಿದ್ದರೆ ಅಥವಾ ಬೇರೆ ಬಗೆಯ ಸ್ವತ್ತಾಗಿ ಮಾರ್ಪಟ್ಟಿದ್ದರೆ ಆ ಕೊಡುಗೆ ಲೋಪವಾಗುತ್ತದೆ. ಮಾರಿ ಬಂದ ಹಣ ಎಲ್ಲಿಗೆ ಹೋಯಿತು, ಅದರಿಂದ ಏನು ಕೊಂಡರು ಎಂದು ಈ ಕಲಂ ಕೇಳುವುದಿಲ್ಲ.

ಈ ಕಲಮಿಗೆ ಕೊಟ್ಟಿರುವ ದೃಷ್ಟಾಂತಗಳಲ್ಲಿ ಮನೆ ಬದಲಾವಣೆಯೇ ಒಂದು. ಮರಣಕಾಲದಲ್ಲಿ ಕಲ್ಕತ್ತದ ಇಂಥ ಬೀದಿಯ ತನ್ನ ಮನೆಯಲ್ಲಿರುವ ಗೃಹೋಪಯೋಗಿ ಸಾಮಾನೆಲ್ಲ ಇಂಥವರಿಗೆ ಎಂದು ಒಬ್ಬ ಬರೆಸುತ್ತಾನೆ. ಆಮೇಲೆ ಬೇರೆ ಮನೆ ಮಾಡಿ ಸಾಮಾನನ್ನೆಲ್ಲ ಅಲ್ಲಿಗೆ ಸಾಗಿಸುತ್ತಾನೆ. ಮಂಚ, ಪಾತ್ರೆ ಎಲ್ಲ ಹಾಗೇ ಇದ್ದರೂ ಕೊಡುಗೆ ಲೋಪ. ಆದರೆ ಬೆಂಕಿಯಿಂದ ಉಳಿಸಲು ಹೊರಗೆ ಸಾಗಿಸಿದ್ದರೆ, ಇಲ್ಲವೇ ಅವನು ಪ್ರವಾಸದಲ್ಲಿದ್ದಾಗ ಅವನ ಒಪ್ಪಿಗೆಯಿಲ್ಲದೆ ಯಾರೋ ಸಾಗಿಸಿದ್ದರೆ, ಕಲಂ 160ರಂತೆ ಕೊಡುಗೆ ಉಳಿಯುತ್ತದೆ. ಕಲಂ 161 ಇನ್ನೂ ಸ್ವಾರಸ್ಯಕರ. ಒಬ್ಬನಿಗೆ ಕಲ್ಕತ್ತದಲ್ಲೊಂದು, ಚಿನ್ಸುರಾದಲ್ಲೊಂದು ಮನೆ. ಪೀಠೋಪಕರಣ ಮಾತ್ರ ಒಂದೇ ಜೊತೆ, ಹೋದಲ್ಲಿಗೆಲ್ಲ ಹೊತ್ತೊಯ್ಯುತ್ತಾನೆ. ಉಯಿಲಿನಲ್ಲಿರುವುದು ಕಲ್ಕತ್ತ; ಅವನು ಸತ್ತಾಗ ಸಾಮಾನಿರುವುದು ಚಿನ್ಸುರಾದಲ್ಲಿ. ಇಲ್ಲಿ ಸ್ಥಳದ ಹೆಸರು ಬಂದಿರುವುದು ವಸ್ತುವನ್ನು ಗುರುತಿಸಲಿಕ್ಕಷ್ಟೇ ಆದ್ದರಿಂದ ಕೊಡುಗೆ ನಿಲ್ಲುತ್ತದೆ. (ಕಲ್ಕತ್ತವೇ ಮತ್ತೆ ಮತ್ತೆ ಬರುವುದಕ್ಕೆ ಆಶ್ಚರ್ಯಪಡಬೇಕಿಲ್ಲ; ಈ ಭಾಗ ಅದು ರಾಜಧಾನಿಯಾಗಿದ್ದ ಕಾಲದ 1865ರ ಕಾಯ್ದೆಯಿಂದ ಇಳಿದುಬಂದದ್ದು.)

ಸಾಮಾನಿಗೆ ಇರುವ ಈ ರಿಯಾಯಿತಿ ಮಾರಿದ ಮನೆಗೆ ಇಲ್ಲ. ಇನ್ನೊಂದು ತಾರತಮ್ಯವನ್ನೂ ಗಮನಿಸಬೇಕು. ಉಯಿಲಿನಲ್ಲಿ ಹೆಸರಿಸಿದ ಷೇರುಗಳನ್ನು ಮಾರಿ, ಅದೇ ಷೇರುಗಳನ್ನು ಅಷ್ಟೇ ಸಂಖ್ಯೆಯಲ್ಲಿ ಮತ್ತೆ ಕೊಂಡಿದ್ದರೆ ಕಲಂ 166ರಂತೆ ಕೊಡುಗೆ ಲೋಪವಾಗದು. ಮನೆ ಮಾರಿ ಮನೆ ಕೊಂಡವರಿಗೆ ಅಂಥ ಅನುಕೂಲವಿಲ್ಲ. ಒಂದು ಷೇರಿನ ಜಾಗದಲ್ಲಿ ಇನ್ನೊಂದು ಸಲ್ಲುತ್ತದೆ, ಒಂದು ಮನೆಯ ಜಾಗದಲ್ಲಿ ಇನ್ನೊಂದು ಸಲ್ಲದು ಎಂಬ ತರ್ಕ ಸರಿಯೇ. ಆದರೆ ನಮ್ಮ ಕುಟುಂಬಗಳಲ್ಲಿ ಹಿರಿಯರು ಮಗಳಿಗೆ ಬಿಡುವುದು ‘ಇರಲು ಒಂದು ಮನೆ’ಯನ್ನು, ಇಂತಿಷ್ಟು ಅಡಿ ಅಳತೆಯ ಕಟ್ಟಡವನ್ನಲ್ಲ.

ಒಂದು ಕಾಲ್ಪನಿಕ ಪ್ರಸಂಗ ನೋಡೋಣ. ವಿಧವೆ ತಾಯಿ ಮೈಸೂರಿನ ಸರಸ್ವತಿಪುರಂ ಮನೆಯನ್ನು ಚಕ್ಕುಬಂದಿ ಸಮೇತ ಮಗಳಿಗೂ, ಹುಣಸೂರಿನ ಜಮೀನನ್ನು ಮಗನಿಗೂ ಬರೆಸುತ್ತಾರೆ. ವಯಸ್ಸಾಯಿತೆಂದು ಮೈಸೂರಿನ ಮನೆ ಮಾರಿ, ಬೆಂಗಳೂರಿನಲ್ಲಿ ಮಗಳ ಮನೆಗೆ ಹತ್ತಿರವೇ ಫ್ಲ್ಯಾಟ್ ಕೊಳ್ಳುತ್ತಾರೆ. ಉಯಿಲು ಬೀರುವಿನಲ್ಲಿ ಹಾಗೇ ಇರುತ್ತದೆ. ಅವರ ನಂತರ ಮಗಳ ಕೊಡುಗೆ ಲೋಪ. ಫ್ಲ್ಯಾಟು ಉಯಿಲಿಲ್ಲದ ಸ್ವತ್ತಾಗಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಕಲಂ 15ರಂತೆ ಇಬ್ಬರು ಮಕ್ಕಳಿಗೂ ಸಮಪಾಲು. ಜಮೀನು ಮಾತ್ರ ಪೂರ್ತಿ ಮಗನದೇ. ‘ಉಳಿದ ಎಲ್ಲ ಚರ ಸ್ಥಿರ ಸ್ವತ್ತು’ ಎಂಬ ಸಾಲೊಂದನ್ನು ಸೇರಿಸಿದರೆ ಸಾಕೆಂಬ ಸಲಹೆ ರೂಢಿಯಲ್ಲಿದೆ. ಈ ಪ್ರಸಂಗದಲ್ಲಿ ಆ ಸಾಲು ಮಗನ ಹೆಸರಿಗಿದ್ದರೆ ಫ್ಲ್ಯಾಟಿಗೆ ಫ್ಲ್ಯಾಟೇ ಅವನ ಪಾಲು. ಸಾಲು ಇರುವುದು ಮುಖ್ಯವಲ್ಲ, ಯಾರ ಹೆಸರಿಗಿದೆ ಎಂಬುದು ಮುಖ್ಯ.

ಪರಿಹಾರದ ದಾರಿ ಕಲಂ 90ರಲ್ಲಿದೆ: ಉಯಿಲಿನ ವರ್ಣನೆಗೆ ಮರಣಕಾಲದಲ್ಲಿ ಯಾವ ಸ್ವತ್ತು ಹೊಂದುತ್ತದೋ ಅದೇ ಕೊಡುಗೆ, ಉಯಿಲಿನಲ್ಲಿ ಬೇರೆ ಉದ್ದೇಶ ಕಾಣದ ಹೊರತು. ಹಾಗಾಗಿ ‘ನನ್ನ ಮರಣಕಾಲದಲ್ಲಿ ನಾನು ವಾಸವಿರುವ ನನ್ನ ಸ್ವಂತ ಮನೆ, ಅಥವಾ ಅದರಲ್ಲಿ ನನ್ನ ಪಾಲು’ ಎಂದು ಬರೆಸಿದರೆ ಮೈಸೂರು ಹೋಗಿ ಬೆಂಗಳೂರು ಬಂದರೂ ಉಯಿಲು ನಿಲ್ಲುತ್ತದೆ. ‘ಪಾಲು’ ಎಂಬ ಮಾತು ಬಿಡಬಾರದು; ಹೊಸ ಫ್ಲ್ಯಾಟು ಮಗ ಅಥವಾ ಮಗಳ ಜೊತೆ ಜಂಟಿಯಾಗಿ ನೋಂದಣಿಯಾಗಿದ್ದರೆ ತಮ್ಮ ಭಾಗವನ್ನಷ್ಟೇ ಉಯಿಲು ಮಾಡಲು ಬರುತ್ತದೆ. ಹಳೆಯ ಉಯಿಲಿನಲ್ಲಿ ವಿಳಾಸ ಹೊಡೆದು ಮೇಲೆ ಹೊಸದನ್ನು ಗೀಚುವುದು ವ್ಯರ್ಥ. ಕಲಂ 71ರಂತೆ ಆ ತಿದ್ದುಪಡಿಗೂ ಉಯಿಲುಕರ್ತರ ಮತ್ತು ಸಾಕ್ಷಿಗಳ ಸಹಿ ಬೇಕು. ಅದಕ್ಕಿಂತ ಹೊಸ ಉಯಿಲೇ ಲೇಸು.

ಎಲ್ಲ ಬದಲಾವಣೆಗೂ ಗಾಬರಿಪಡಬೇಕಿಲ್ಲ. ಬಾಡಿಗೆ ಮನೆ ಬದಲಾಯಿಸಿದ್ದರಿಂದ, ಮಗನ ಮನೆಗೆ ಹೋಗಿ ನೆಲೆಸಿದ್ದರಿಂದ ಉಯಿಲು ಕೆಡದು. ಪೀಠಿಕೆಯ ವಿಳಾಸ ಗುರುತಿಗಷ್ಟೇ. ಪಾಲಿಕೆಯವರು ಬಾಗಿಲ ನಂಬರು ಬದಲಿಸಿದರೂ ಸ್ವತ್ತು ಯಾವುದೆಂದು ತಿಳಿಯುವಂತಿದ್ದರೆ ಹೊಂದದ ವಿವರವನ್ನು ಕಲಂ 78 ಬದಿಗಿಡುತ್ತದೆ.

ನಿಜವಾದ ಗೋಜಲಿರುವುದು ಜಂಟಿ ಅಭಿವೃದ್ಧಿ ಒಪ್ಪಂದಗಳಲ್ಲಿ. ಹಳೆ ಮನೆ ಕೆಡವಿ ಬಿಲ್ಡರ್‌ಗೆ ಕೊಟ್ಟು, ಬದಲಿಗೆ ಮೂರನೇ ಮಹಡಿಯಲ್ಲಿ ಎರಡು ಫ್ಲ್ಯಾಟು ಪಡೆದವರು ಊರು ಬಿಟ್ಟಿಲ್ಲ, ಬೀದಿಯನ್ನೂ ಬಿಟ್ಟಿಲ್ಲ. ನೆಲದಲ್ಲಿ ಅವಿಭಜಿತ ಪಾಲು ಉಳಿದಿದೆ, ಷೆಡ್ಯೂಲಿನ ಕಟ್ಟಡ ಉಳಿದಿಲ್ಲ. ಕಾನೂನಿನ ಬಲದಿಂದಾದ ಮಾರ್ಪಾಟಿಗೆ ಕಲಂ 163ರ ರಕ್ಷಣೆಯುಂಟು; ಇದು ಉಯಿಲುಕರ್ತರೇ ಒಪ್ಪಿ ಮಾಡಿಕೊಂಡದ್ದಾದ್ದರಿಂದ ಆ ನೆರವನ್ನು ನೆಚ್ಚಿಕೊಳ್ಳುವಂತಿಲ್ಲ. ಒಪ್ಪಂದಕ್ಕೆ ಸಹಿ ಹಾಕುವ ವಾರದಲ್ಲೇ ಉಯಿಲನ್ನೂ ಹೊಸದಾಗಿ ಬರೆಸಬೇಕೆಂಬುದು ನನ್ನ ಅಭಿಪ್ರಾಯ.

ಸಾಕ್ಷಿಗಳ ಸಂಗತಿ ಇನ್ನೊಂದು. ಕಲಂ 63ರಂತೆ ಕನಿಷ್ಠ ಇಬ್ಬರು ಬೇಕು. ವಾಡಿಕೆಯಲ್ಲಿ ಅವರು ಅಕ್ಕಪಕ್ಕದ ಮನೆಯ ಹಿರಿಯರು. ತಕರಾರು ಬಂದು ನ್ಯಾಯಾಲಯದಲ್ಲಿ ಉಯಿಲನ್ನು ರುಜುವಾತುಪಡಿಸುವಾಗ, ಬದುಕಿದ್ದು ಹೇಳಿಕೆ ಕೊಡಬಲ್ಲವರಿದ್ದರೆ ಅವರಲ್ಲಿ ಒಬ್ಬರನ್ನಾದರೂ ಕರೆಸಬೇಕು. ಬಡಾವಣೆ ಬಿಟ್ಟು ಹದಿನೈದು ವರ್ಷವಾದ ಮೇಲೆ ಅವರನ್ನು ಹುಡುಕುವ ಪಾಡು ಮಕ್ಕಳದ್ದು. ಹೊಸ ಉಯಿಲಿಗೆ ಹೊಸ ಊರಿನ, ತಮಗಿಂತ ಕಿರಿಯರಾದ ಸಾಕ್ಷಿಗಳನ್ನು ಹಾಕಿಸುವುದು ಈ ಕಾರಣಕ್ಕೆ ಒಳ್ಳೆಯದು. ನೋಂದಣಿ ಕಡ್ಡಾಯವಲ್ಲ, ಮುದ್ರಾಂಕ ಶುಲ್ಕವೂ ಇಲ್ಲ. ಮಾಡಿಸುವುದಾದರೆ ಸ್ವತ್ತಿರುವ ಊರಿಗೇ ಓಡಬೇಕಿಲ್ಲ. ಹೊಸ ಮನೆಗೆ ಹತ್ತಿರದ ಉಪ ನೋಂದಣಾಧಿಕಾರಿ ಕಚೇರಿಯಲ್ಲೇ ಆಗುತ್ತದೆ. ಹಿಂದಿನ ಉಯಿಲು ಮೈಸೂರಿನಲ್ಲಿ ನೋಂದಣಿಯಾಗಿದ್ದರೆ ಅದರ ದಸ್ತಾವೇಜು ಸಂಖ್ಯೆ, ತಾರೀಖು ನಮೂದಿಸಿ ‘ಅದನ್ನು ಈ ಮೂಲಕ ರದ್ದುಪಡಿಸಿದ್ದೇನೆ’ ಎಂದು ಹೊಸದರಲ್ಲೇ ಬರೆಸಿದರಾಯಿತು.