ಸಂತ ಜೋಸೆಫ್ ವಾಜ್‌ರವರ ಜೀವನದಲ್ಲಿ ನೀತಿಧರ್ಮದ ನಿಜಸ್ವರೂಪ

ಪ್ರಭು ಯೇಸುಕ್ರಿಸ್ತರು ಬೆಟ್ಟದ ಮೇಲೆ ಕುಳಿತು ನೀಡಿದ ಮಹೋಪದೇಶವನ್ನು ಸಂತ ಮತ್ತಾಯರು ತಮ್ಮ ಶುಭಸಂದೇಶದ ಐದು, ಆರು ಮತ್ತು ಏಳನೆಯ ಅಧ್ಯಾಯಗಳಲ್ಲಿ ಸಂಗ್ರಹಿಸಿಕೊಟ್ಟಿದ್ದಾರೆ. ಆರನೆಯ ಅಧ್ಯಾಯವು ದಾನ, ಪ್ರಾರ್ಥನೆ, ಉಪವಾಸ ಎಂಬ ಮೂರು ಸತ್ಕಾರ್ಯಗಳಿಂದ ಆರಂಭವಾಗುತ್ತದೆ. ಇವನ್ನು ಮಾಡಬೇಕೋ ಬೇಡವೋ ಎಂಬ ಪ್ರಶ್ನೆಯನ್ನೇ ಪ್ರಭು ಎತ್ತುವುದಿಲ್ಲ. ಯಾರು ನೋಡಲೆಂದು ಮಾಡುತ್ತೀರಿ ಎಂಬುದೊಂದನ್ನೇ ಕೇಳುತ್ತಾರೆ. ಅಧ್ಯಾಯದ ಕೊನೆಯಲ್ಲಿ ಮತ್ತೊಂದು ಪ್ರಶ್ನೆ ಬರುತ್ತದೆ: ಅನ್ನ, ಬಟ್ಟೆ, ನಾಳಿನ ಚಿಂತೆ ಇವೆಲ್ಲಕ್ಕಿಂತ ಮೊದಲು ನೀವು ಅರಸುವುದು ಏನನ್ನು? ಉದ್ದೇಶದ ಶುದ್ಧಿ ಮತ್ತು ಆದ್ಯತೆಯ ಕ್ರಮ ಇವೆರಡೂ ಒಂದೇ ಬೋಧನೆಯ ಎರಡು ಮುಖಗಳು. ದೇವರ ಕಣ್ಣಿಗಾಗಿ ಬಾಳುವವನು ದೇವರ ರಾಜ್ಯವನ್ನೇ ಮೊದಲು ಅರಸುತ್ತಾನೆ. ಜನರ ಕಣ್ಣಿಗಾಗಿ ಬಾಳುವವನು ತನ್ನ ಕೀರ್ತಿಯನ್ನು ಮೊದಲು ಅರಸುತ್ತಾನೆ.

ನಮ್ಮ ಧರ್ಮಕೇಂದ್ರವು ನೂರು ವರ್ಷಗಳನ್ನು ಪೂರೈಸಿರುವ ಈ ಶುಭ ಸಂದರ್ಭದಲ್ಲಿ ಈ ಬೋಧನೆಯನ್ನು ಒಂದು ಜೀವನಚರಿತ್ರೆಯ ಬೆಳಕಿನಲ್ಲಿ ಪರಿಶೀಲಿಸುವುದು ಉಚಿತವೆಂದು ಭಾವಿಸಿದ್ದೇನೆ. ಆ ಜೀವನವು ನಮ್ಮ ನಾಡಿಗೆ ಅಪರಿಚಿತವಾದುದಲ್ಲ. ಇಂದು ಸಿಂಹಳದ ಪ್ರೇಷಿತರೆಂದು ಲೋಕವೇ ಗೌರವಿಸುವ ಸಂತ ಜೋಸೆಫ್ ವಾಜ್‌ರವರು ಅದಕ್ಕೂ ಮೊದಲು ನಮ್ಮ ಕನ್ನಡ ಕರಾವಳಿಯ ಸೇವಕರಾಗಿದ್ದರು.

ಜೋಸೆಫ್ ವಾಜ್‌ರವರು 1651ರ ಏಪ್ರಿಲ್ 21ರಂದು ಗೋವೆಯ ಬೆನಾವ್ಲಿಯಲ್ಲಿ ಜನಿಸಿದರು. ಗೋವೆಯಲ್ಲಿಯೇ ವಿದ್ಯಾಭ್ಯಾಸ ಮುಗಿಸಿ 1676ರಲ್ಲಿ ಗುರುದೀಕ್ಷೆ ಪಡೆದರು. ಮರುವರ್ಷ, 1677ರ ಆಗಸ್ಟ್ 5ರಂದು, ತಾವು ಕನ್ಯಾಮಾತೆ ಮರಿಯಮ್ಮನವರ ದಾಸರೆಂದು ಒಂದು ಪತ್ರ ಬರೆದು ಸಹಿ ಹಾಕಿದರು. ಕುಲೀನ ಮನೆತನದಲ್ಲಿ ಹುಟ್ಟಿದ ಯುವಗುರುವೊಬ್ಬರು ತಮ್ಮನ್ನು ದಾಸರೆಂದು ಕರೆದುಕೊಂಡುದು ಆ ಕಾಲದಲ್ಲಿ ಸಾಮಾನ್ಯ ಸಂಗತಿಯಲ್ಲ. ಅಂದಿನ ಸಮಾಜದಲ್ಲಿ ದಾಸನಿಗೆ ತನ್ನದೆಂಬ ಆಸ್ತಿಯಿರಲಿಲ್ಲ, ಹೆಸರಿರಲಿಲ್ಲ, ಹಕ್ಕಿರಲಿಲ್ಲ. ಆ ಪತ್ರದ ಅರ್ಥವನ್ನು ಅವರ ಮುಂದಿನ ಜೀವನವೇ ವಿವರಿಸಿತು.

ಸಿಂಹಳದ ಕಥೋಲಿಕರ ದುಃಸ್ಥಿತಿಯನ್ನು ಕೇಳಿದ್ದ ಅವರು ಅಲ್ಲಿಗೆ ಹೋಗಬಯಸಿದ್ದರು. ಆದರೆ ಗೋವೆಯ ಅಧಿಕಾರಿಗಳು 1681ರಲ್ಲಿ ಅವರನ್ನು ಕೆನರಾ ಪ್ರಾಂತಕ್ಕೆ ಮುಖ್ಯಗುರುವನ್ನಾಗಿ ಕಳುಹಿಸಿದರು. ಆಗ ಈ ಕರಾವಳಿಯು ಕೆಳದಿಯ ರಾಣಿ ಚೆನ್ನಮ್ಮಾಜಿಯವರ ಆಳ್ವಿಕೆಯಲ್ಲಿತ್ತು. ಇಲ್ಲಿಯ ಕ್ರೈಸ್ತರು ಒಂದು ಕಠಿಣವಾದ ವಿವಾದದಲ್ಲಿ ಸಿಲುಕಿದ್ದರು. ಪೂರ್ವದೇಶಗಳ ಧರ್ಮಸಭೆಯ ಮೇಲೆ ಪೋರ್ತುಗಲ್ ದೊರೆಗೆ ಹಿಂದಿನಿಂದ ಬಂದಿದ್ದ ಪೋಷಕಾಧಿಕಾರವು ಒಂದು ಕಡೆ. 1622ರಲ್ಲಿ ರೋಮಿನಲ್ಲಿ ಸ್ಥಾಪನೆಯಾದ ಧರ್ಮಪ್ರಚಾರ ಮಂಡಲಿಯ ಅಧಿಕಾರವು ಇನ್ನೊಂದು ಕಡೆ. ಮಂಗಳೂರಿನಲ್ಲಿ ರೋಮಿನಿಂದ ನೇಮಕಗೊಂಡ ಧರ್ಮಾಧ್ಯಕ್ಷ ತೋಮಸ್ ದ ಕಾಸ್ತ್ರೊರವರಿದ್ದರು. ಗೋವೆಯವರು ಅವರ ಅಧಿಕಾರವನ್ನು ಒಪ್ಪಲಿಲ್ಲ. ಯಾವ ಗುರುವಿನಿಂದ ಸಂಸ್ಕಾರಗಳನ್ನು ಪಡೆದರೆ ಸಿಂಧು, ಯಾರ ಬಳಿ ಪಾಪನಿವೇದನೆ ಮಾಡಿದರೆ ಕ್ಷಮೆ ದೊರಕೀತು ಎಂದು ಬಡ ವಿಶ್ವಾಸಿಗಳು ಕಳವಳಗೊಂಡಿದ್ದರು.

ಗೋವೆಯ ಪಕ್ಷದಿಂದ ಬಂದಿದ್ದ ಜೋಸೆಫ್ ವಾಜ್‌ರವರಿಗೆ ಆ ಪಕ್ಷದ ಗೆಲುವನ್ನು ಸಾಧಿಸಿ ಮೆಚ್ಚುಗೆ ಗಳಿಸುವ ದಾರಿ ತೆರೆದಿತ್ತು. ಅವರು ಅದನ್ನು ಹಿಡಿಯಲಿಲ್ಲ. ಧರ್ಮಾಧ್ಯಕ್ಷರನ್ನು ಮುಖಾಮುಖಿ ಕಂಡು ವಿನಯದಿಂದ ಮಾತನಾಡಿದರು. ಕಲಹವನ್ನು ಬೆಳೆಸುವುದಕ್ಕಿಂತ ಜನರ ಮನಸ್ಸಾಕ್ಷಿಗೆ ಶಾಂತಿ ತರುವುದಕ್ಕೆ ಶ್ರಮಿಸಿದರು. ಮಂಗಳೂರು, ಬಸ್ರೂರು, ಗಂಗೊಳ್ಳಿ ಮುಂತಾದ ಕಡೆಗಳಲ್ಲಿ ಕಾಲ್ನಡಿಗೆಯಲ್ಲಿ ಸಂಚರಿಸಿ, ಚದುರಿಹೋಗಿದ್ದ ಕುಟುಂಬಗಳನ್ನು ಒಟ್ಟುಗೂಡಿಸಿ, ಪ್ರಾರ್ಥನಾ ಸಂಘಗಳನ್ನೂ ಮಕ್ಕಳಿಗಾಗಿ ಪಾಠಶಾಲೆಗಳನ್ನೂ ಏರ್ಪಡಿಸಿದರು. ಮಂಗಳೂರಿನ ಸಮೀಪದ ಮುಡಿಪು ಗುಡ್ಡದ ಮೇಲಿನ ಒರತೆಗಳನ್ನು ಅವರ ಹೆಸರಿನೊಂದಿಗೆ ಸ್ಮರಿಸುವ ಪರಂಪರೆ ಇಂದಿಗೂ ಜೀವಂತವಾಗಿದೆ. ಅಧಿಕಾರ ಯಾರದು ಎಂಬ ಪ್ರಶ್ನೆ ಮುಖ್ಯವಲ್ಲವೆಂದಲ್ಲ. ಆದರೆ ಆತ್ಮಗಳ ರಕ್ಷಣೆ ಅದಕ್ಕಿಂತ ಮೊದಲನೆಯದು. ಆದ್ಯತೆಯ ಕ್ರಮವೆಂದರೆ ಇದೇ.

1684ರಲ್ಲಿ ಅವರು ಗೋವೆಗೆ ಹಿಂದಿರುಗಿದರು. ದೇಶೀಯ ಗುರುಗಳಿಗೆ ಯೂರೋಪಿನ ಸನ್ಯಾಸಿ ಸಂಘಗಳ ಬಾಗಿಲು ಬಹುಮಟ್ಟಿಗೆ ಮುಚ್ಚಿದ್ದ ಕಾಲವದು. ಗೋವೆಯ ಕೆಲವು ದೇಶೀಯ ಗುರುಗಳು ಕೂಡಿ ಬಾಳಲಾರಂಭಿಸಿದ್ದ ಸಮುದಾಯವನ್ನು ವಾಜ್‌ರವರು 1685ರಲ್ಲಿ ಸೇರಿದರು. ಅದು ಅವರ ನಾಯಕತ್ವದಲ್ಲಿ ಸಂತ ಫಿಲಿಪ್ ನೇರಿಯವರ ಒರಟೋರಿಯ ಸಭೆಯ ರೂಪ ತಾಳಿತು. ಸಹೋದರರು ಅವರನ್ನೇ ಶ್ರೇಷ್ಠರನ್ನಾಗಿ ಆರಿಸಿಕೊಂಡರು. ಸ್ವದೇಶದಲ್ಲಿ ಗೌರವ, ಸ್ವಜನರ ಪ್ರೀತಿ, ಸಂಸ್ಥಾಪಕನೆಂಬ ಹೆಸರು ಎಲ್ಲವೂ ಕೈಗೂಡಿದ್ದವು. ಅವೆಲ್ಲವನ್ನೂ ಬಿಟ್ಟು 1686ರಲ್ಲಿ ಸಿಂಹಳದತ್ತ ಹೊರಟರು.

ಸಿಂಹಳದ ಕರಾವಳಿಯನ್ನು ಪೋರ್ತುಗೀಸರಿಂದ ಕಿತ್ತುಕೊಂಡಿದ್ದ ಡಚ್ಚರು 1656ರಲ್ಲಿ ಕೊಲಂಬೊವನ್ನೂ 1658ರಲ್ಲಿ ಯಾಳ್ಪಾಣವನ್ನೂ ವಶಪಡಿಸಿಕೊಂಡಿದ್ದರು. ಕಥೋಲಿಕ ಗುರುಗಳನ್ನು ಹೊರಗಟ್ಟಿ, ಅವರಿಗೆ ಆಶ್ರಯ ನೀಡುವವರನ್ನು ಕಠಿಣ ಶಿಕ್ಷೆಗೆ ಗುರಿಪಡಿಸುವ ಆಜ್ಞೆಗಳನ್ನು ಹೊರಡಿಸಿದ್ದರು. ದಶಕಗಳ ಕಾಲ ಅಲ್ಲಿಯ ಜನರಿಗೆ ಬಲಿಪೂಜೆಯಿರಲಿಲ್ಲ. 1687ರಲ್ಲಿ ತೂತುಕುಡಿಯಿಂದ ದೋಣಿಯೇರಿ ವಾಜ್‌ರವರು ತಮ್ಮ ನಿಷ್ಠಾವಂತ ಸೇವಕ ಜಾನ್‌ರೊಂದಿಗೆ ಭಿಕ್ಷುಕನ ವೇಷದಲ್ಲಿ ಆ ದ್ವೀಪವನ್ನು ಸೇರಿದರು. ಬರಿಗಾಲು, ಹರಕು ಬಟ್ಟೆ, ಅತಿಸಾರದಿಂದ ಬಳಲಿದ ದೇಹ. ಕೊರಳಲ್ಲಿ ಜಪಸರ ಧರಿಸಿ ಮನೆಮನೆಗೆ ಭಿಕ್ಷೆಗೆ ಹೋಗುತ್ತಿದ್ದರು. ಜಪಸರವನ್ನು ಕಂಡು ಯಾರ ಮುಖ ಅರಳಿತೋ ಅದು ಕಥೋಲಿಕರ ಮನೆಯೆಂದು ತಿಳಿಯುತ್ತಿದ್ದರು.

ಒಳಕೋಣೆಗೆ ಹೋಗಿ ಬಾಗಿಲು ಮುಚ್ಚಿ ಗುಪ್ತವಾಗಿ ಪ್ರಾರ್ಥಿಸಬೇಕೆಂಬ ಪ್ರಭುವಿನ ಬೋಧನೆಯು ಯಾಳ್ಪಾಣದಲ್ಲಿ ಅಕ್ಷರಶಃ ನೆರವೇರಿತು. ಮುಚ್ಚಿದ ಬಾಗಿಲುಗಳ ಹಿಂದೆ ನಡುರಾತ್ರಿಯಲ್ಲಿ ಬಲಿಪೂಜೆ ನಡೆಯುತ್ತಿತ್ತು. ಅಲ್ಲಿ ಬಂದು ಕೂಡಿದವರಿಗೆ ಹೊಗಳಿಕೆ ದೊರಕುವ ಸಂಭವವೇ ಇರಲಿಲ್ಲ. ದೊರಕುವುದಾದರೆ ಸೆರೆವಾಸ ಮಾತ್ರ. ಡಚ್ ಅಧಿಕಾರಿಗಳ ಶೋಧನೆ ತೀವ್ರವಾದಾಗ ಅವರು ಡಚ್ಚರ ಹಿಡಿತಕ್ಕೆ ಹೊರತಾಗಿದ್ದ ಕ್ಯಾಂಡಿ ರಾಜ್ಯದ ಪುತ್ತಳಂಗೆ ಹೋದರು. 1692ರಲ್ಲಿ ಕ್ಯಾಂಡಿ ನಗರವನ್ನು ಪ್ರವೇಶಿಸುವಾಗ, ಪೋರ್ತುಗೀಸರ ಗೂಢಚಾರನೆಂಬ ಸುಳ್ಳು ಆಪಾದನೆಯಿಂದ ಸೆರೆಗೆ ಬಿದ್ದರು. ಸೆರೆಯಲ್ಲಿ ದೊರೆತ ಬಿಡುವನ್ನು ಸಿಂಹಳ ಭಾಷೆಯನ್ನು ಕಲಿಯಲು ಬಳಸಿಕೊಂಡರು. ಅವರ ನಿರ್ದೋಷ ನಡತೆಯನ್ನು ಕಂಡು ಬೌದ್ಧ ಧರ್ಮೀಯನಾದ ದೊರೆ ಎರಡನೆಯ ವಿಮಲಧರ್ಮಸೂರ್ಯನು ಕ್ರಮೇಣ ಅವರ ಬಂಧನವನ್ನು ಸಡಿಲಿಸಿ ಸಂಚಾರಕ್ಕೆ ಅವಕಾಶ ನೀಡಿದನು.

ಇಲ್ಲಿ ಓದುಗರು ಒಂದು ಸಂಗತಿಯನ್ನು ಗಮನಿಸಬೇಕು. ಹಿಂಸೆಯ ಕಾಲದಲ್ಲಿ ಭಕ್ತಿಯನ್ನು ಮರೆಮಾಡುವುದು ಅನಿವಾರ್ಯ. ಅದರಿಂದಲೇ ಉದ್ದೇಶವು ಶುದ್ಧವೆಂದು ಹೇಳಲಾಗದು. ಬಾಗಿಲು ತೆರೆದ ಮೇಲೆ, ರಾಜಮನ್ನಣೆ ದೊರೆತ ಮೇಲೆ ಮನುಷ್ಯನು ಏನು ಮಾಡುತ್ತಾನೆ ಎಂಬುದರಲ್ಲಿಯೇ ನಿಜವಾದ ಪರೀಕ್ಷೆಯಿದೆ. ವಾಜ್‌ರವರಿಗೆ ಆ ಪರೀಕ್ಷೆ 1697ರಲ್ಲಿ ಬಂದಿತು. ಕ್ಯಾಂಡಿಯಲ್ಲಿ ಸಿಡುಬಿನ ಮಹಾಮಾರಿ ಹರಡಿತು. ದೊರೆಯೂ ಅನುಕೂಲಸ್ಥರೂ ನಗರವನ್ನು ತೊರೆದರು. ರೋಗಿಗಳನ್ನು ಸ್ವಂತ ಮನೆಯವರೇ ಕಾಡಿನಲ್ಲಿ ಬಿಟ್ಟುಬಂದರು. ವಾಜ್‌ರವರು ಸೋದರಳಿಯ ಗುರು ಜೋಸೆಫ್ ದ ಕರ್ವಾಲ್ಯೊರವರೊಂದಿಗೆ ನಗರದಲ್ಲಿಯೇ ಉಳಿದರು. ಕೊಂಬೆರೆಂಬೆಗಳಿಂದ ಗುಡಿಸಲು ಕಟ್ಟಿ, ರೋಗಿಗಳನ್ನು ಹೊತ್ತು ತಂದು, ಹುಣ್ಣುಗಳನ್ನು ತೊಳೆದು, ಅನ್ನ ಬೇಯಿಸಿ ಉಣಿಸಿ, ಸತ್ತವರನ್ನು ತಮ್ಮ ಕೈಯಿಂದಲೇ ಹೂಳಿದರು. ಕ್ರೈಸ್ತ, ಬೌದ್ಧ ಎಂಬ ಭೇದವೆಣಿಸಲಿಲ್ಲ.

ಈ ಸೇವೆ ಗುಪ್ತವಾಗಿರಲಿಲ್ಲ. ನಗರವೆಲ್ಲ ಕಂಡಿತು, ದೊರೆಯೂ ಕೇಳಿ ಕೃತಜ್ಞನಾದನು. ನಮ್ಮ ಬೆಳಕು ಜನರ ಮುಂದೆ ಪ್ರಕಾಶಿಸಬೇಕೆಂದು ಐದನೆಯ ಅಧ್ಯಾಯದಲ್ಲಿ ಹೇಳಿದ ಪ್ರಭುವೇ, ಜನರು ನೋಡಲೆಂದು ಧರ್ಮಕಾರ್ಯ ಮಾಡಬೇಡಿರೆಂದು ಆರನೆಯ ಅಧ್ಯಾಯದಲ್ಲಿ ಎಚ್ಚರಿಸುತ್ತಾರೆ. ಇವೆರಡರಲ್ಲಿ ವಿರೋಧವಿಲ್ಲ. ಕಾರ್ಯವನ್ನು ಜನರು ಕಂಡರೆ ದೋಷವಲ್ಲ. ಕಾಣಲೆಂದೇ ಮಾಡಿದರೆ ದೋಷ. ಕಂಡವರ ಮಹಿಮೆ ಸ್ವರ್ಗೀಯ ಪಿತನಿಗೆ ಸಲ್ಲಬೇಕು. ಮುಂದೆ ಸಿಂಹಳದ ಅಪೋಸ್ತಲಿಕ ವಿಕಾರಿಯ ಉನ್ನತ ಪದವಿಯನ್ನು ನೀಡುವ ಪ್ರಸ್ತಾಪ ಬಂದಾಗ ವಾಜ್‌ರವರು ಅದನ್ನು ನಿರಾಕರಿಸಿ ಸಾಮಾನ್ಯ ಗುರುವಾಗಿಯೇ ಉಳಿದರು. ಮಹಾಮಾರಿಯಲ್ಲಿ ಮಾಡಿದ ಸೇವೆ ಯಾರಿಗಾಗಿ ಎಂಬ ಪ್ರಶ್ನೆಗೆ ಇದು ಉತ್ತರವಾಯಿತು.

1711ರ ಜನವರಿ 16ರಂದು ಅವರು ಕ್ಯಾಂಡಿಯಲ್ಲಿ ದೈವಾಧೀನರಾದರು. ಗೋವೆಯಿಂದ ಹೊರಟ ಮೇಲೆ ಮತ್ತೆಂದೂ ತಾಯ್ನಾಡನ್ನು ಕಾಣಲಿಲ್ಲ. ಅವರ ಹಿಂದೆ ಬಂದ ಒರಟೋರಿಯ ಗುರುಗಳು 1796ರಲ್ಲಿ ಡಚ್ಚರ ಆಳ್ವಿಕೆ ಕೊನೆಗೊಳ್ಳುವವರೆಗೂ ಆ ಧರ್ಮಸಭೆಯನ್ನು ಉಳಿಸಿ ಬೆಳೆಸಿದರು. ವಾಜ್‌ರವರನ್ನು ಸಮಾಧಿ ಮಾಡಿದ ದೇವಾಲಯವು ಮುಂದೆ ನಾಶವಾಯಿತು. ಆ ಸಮಾಧಿಯ ಸ್ಥಳ ಇಂದು ಯಾರಿಗೂ ಗುರುತಿಲ್ಲ. 1995ರ ಜನವರಿ 21ರಂದು ಕೊಲಂಬೊದಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಅವರನ್ನು ಧನ್ಯರೆಂದೂ, 2015ರ ಜನವರಿ 14ರಂದು ಅದೇ ನಗರದಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ಸಂತರೆಂದೂ ಸಾರಿದರು. ಹೆಸರನ್ನು ಬಯಸದವರ ಹೆಸರನ್ನು, ಮೂರು ಶತಮಾನಗಳು ಕಳೆದ ಮೇಲೆ, ಧರ್ಮಸಭೆಯು ಲೋಕದ ಮುಂದೆ ಎತ್ತಿ ಹಿಡಿಯಿತು.

ಪ್ರಿಯ ಭಕ್ತಾದಿಗಳೇ, ಶತಮಾನೋತ್ಸವವೆಂದರೆ ಕಲ್ಲಿನ ಮೇಲೆ ಹೆಸರು ಕೆತ್ತುವ ಕಾಲ. ದಾನಿಗಳನ್ನು ಸ್ಮರಿಸುವುದು ಧರ್ಮ. ಅವರಿಲ್ಲದೆ ಈ ಗೋಡೆಗಳು ಏಳುತ್ತಿರಲಿಲ್ಲ. ಆದರೆ ಯಾರ ಹೆಸರು ಮೇಲೆ, ಯಾರದು ಕೆಳಗೆ, ಹಬ್ಬದ ಮೆರವಣಿಗೆಯಲ್ಲಿ ಛತ್ರ ಹಿಡಿಯುವವರು ಯಾರು ಎಂಬ ವಿಷಯದಲ್ಲಿ ಮನಸ್ತಾಪ ಹುಟ್ಟಿದರೆ, ನಮ್ಮ ಫಲವನ್ನು ನಾವು ಇಲ್ಲಿಯೇ ಪಡೆದುಕೊಂಡಂತಾಯಿತು. ಪಿತನ ಬಳಿ ಪಡೆಯಲು ಏನೂ ಉಳಿಯದು. ಹಬ್ಬದ ದೀಪಾಲಂಕಾರಕ್ಕೆ ಧಾರಾಳವಾಗಿ ಕೊಡುವ ಕೈ, ಪಕ್ಕದ ಮನೆಯ ವಿಧವೆಯ ಮಗುವಿನ ಶಾಲೆಯ ಶುಲ್ಕಕ್ಕೆ ಹಿಂಜರಿದರೆ, ಮೊದಲನೆಯದು ಯಾವುದು ಎಂಬುದನ್ನು ನಾವು ಮತ್ತೆ ಕೇಳಿಕೊಳ್ಳಬೇಕಾಗಿದೆ. ಈ ಮಾತು ನಿಮಗೆ ಎಷ್ಟು ಅನ್ವಯವೋ ಬಲಿಪೀಠದ ಬಳಿ ನಿಲ್ಲುವ ನಮಗೂ ಅಷ್ಟೇ ಅನ್ವಯ. ಕಟ್ಟಡವನ್ನು ಕಟ್ಟಿಸಿದ ಗುರುವೆಂಬ ಕೀರ್ತಿಯೂ ಒಂದು ತುತ್ತೂರಿಯೇ.

ಈ ನೂರು ವರ್ಷಗಳಲ್ಲಿ ದೇವಾಲಯದ ನೆಲ ಗುಡಿಸಿದ ತಾಯಂದಿರು, ಮರಣಾವಸ್ಥೆಯಲ್ಲಿದ್ದವರ ಬಳಿ ರಾತ್ರಿಯಿಡೀ ಕುಳಿತು ಜಪಿಸಿದವರು, ಮಕ್ಕಳಿಗೆ ಜಪಗಳನ್ನು ಕಲಿಸಿದ ಉಪದೇಶಿಗಳು, ಯಾರಿಗೂ ಹೇಳದೆ ಹಸಿದವರ ಮನೆಗೆ ಅಕ್ಕಿ ಕಳುಹಿಸಿದವರು ಎಷ್ಟು ಮಂದಿಯೋ! ಅವರ ಹೆಸರುಗಳು ಈ ಸ್ಮರಣ ಸಂಚಿಕೆಯಲ್ಲಿಲ್ಲ, ಯಾವ ಶಿಲಾಫಲಕದಲ್ಲಿಯೂ ಇಲ್ಲ. ಗುಪ್ತವಾದುದನ್ನು ಕಾಣುವ ಪಿತನು ಅವರನ್ನು ಬಲ್ಲನು. ನಮ್ಮ ಧರ್ಮಕೇಂದ್ರದ ಎರಡನೆಯ ಶತಮಾನವು ಅಂತಹವರಿಂದಲೇ ಆರಂಭವಾಗಲಿ. ದೇವರ ರಾಜ್ಯವನ್ನೂ ಅವರ ನೀತಿಯನ್ನೂ ಮೊದಲು ಅರಸುವ ಕೃಪೆಯನ್ನು, ಈ ಕರಾವಳಿಯ ಮಣ್ಣಿನ ಮೇಲೆ ಬರಿಗಾಲಿನಲ್ಲಿ ನಡೆದ ಸಂತ ಜೋಸೆಫ್ ವಾಜ್‌ರವರು ನಮಗಾಗಿ ಬೇಡಿಕೊಳ್ಳಲಿ.